ಗಾಳಿ ತಿರುಗುವವರೆಗೆ

ಉಪ್ಪಳದ ನಮ್ಮ ದಿನಸಿ ಅಂಗಡಿಯಲ್ಲಿ ಮೇ ತಿಂಗಳು ಬಂತೆಂದರೆ ಬಾಪ ಅಗತ್ಯಕ್ಕಿಂತ ಹೆಚ್ಚು ಸಾಮಾನು ತರಿಸುತ್ತಿದ್ದರು. ಅಕ್ಕಿ, ಈರುಳ್ಳಿ, ಹುಣಸೆ, ಎರಡು ಮೂಟೆ ಒಣಮೀನು. ಹಿಂದಿನ ಕೋಣೆಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. "ಲಾರಿ ದಿನಾ ಬರುತ್ತದಲ್ಲ, ಯಾಕಿಷ್ಟು?" ಎಂದು ಒಮ್ಮೆ ಕೇಳಿದ್ದೆ. "ಕಡಲು ಮುಚ್ಚುತ್ತದೆ" ಎಂದರು, ಅಷ್ಟೇ. ಲಾರಿ ಬರುವುದು ಘಟ್ಟ ಇಳಿದು. ಅದಕ್ಕೂ ಕಡಲಿಗೂ ಏನು ಸಂಬಂಧ ಎಂದು ನಕ್ಕಿದ್ದೆ. ಆಗ ನಾನು ಡಿಪ್ಲೊಮಾ ಎರಡನೇ ವರ್ಷದಲ್ಲಿದ್ದೆ, ಎಲ್ಲ ತಿಳಿದಿದೆ ಎಂದುಕೊಂಡಿದ್ದ ಕಾಲ.

ಅದೇ ಮಾತನ್ನು ಎರಡನೇ ಸಲ ಕೇಳಿದ್ದು ಒಮಾನಿನ ಸಲಾಲದಲ್ಲಿ. ಅಲ್ಲಿ ಶೀತಲೀಕರಣ ಘಟಕವೊಂದರ ನಿರ್ವಹಣೆಯ ಕೆಲಸದಲ್ಲಿದ್ದೆ. ಜುಲೈಯಲ್ಲಿ ಮಸ್ಕತ್ ಕಡೆ ಬಿಸಿಲು ಸುಡುತ್ತಿದ್ದರೆ ಸಲಾಲದಲ್ಲಿ ತುಂತುರು, ಮಂಜು, ಹಸಿರು ಬೆಟ್ಟ. ಅರಬರು ಇದನ್ನು ಖರೀಫ್ ಎನ್ನುತ್ತಾರೆ. ದುಬೈಯಿಂದೆಲ್ಲ ಕಾರು ಓಡಿಸಿಕೊಂಡು ಮಳೆ ನೋಡಲು ಬರುತ್ತಾರೆ. ಮಳೆ ಸಾಕೆಂದು ಊರು ಬಿಟ್ಟು ಬಂದ ನನಗೆ ಅದು ತಮಾಷೆಯಾಗಿ ಕಾಣುತ್ತಿತ್ತು. ಒಂದು ಸಂಜೆ ದಡದಲ್ಲಿ ಜೊತೆಗಿದ್ದ ವಯಸ್ಸಾದ ಸ್ಥಳೀಯ ಸಹೋದ್ಯೋಗಿ ನೊರೆಗಟ್ಟಿದ ಅಲೆಗಳನ್ನು ತೋರಿಸಿ ಹೇಳಿದರು: "ಈ ಸಮಯದಲ್ಲಿ ನಮ್ಮ ಅಪ್ಪಂದಿರ ಹಡಗು ಹೊರಡುತ್ತಿರಲಿಲ್ಲ. ಕಡಲು ಮುಚ್ಚಿದೆ."

ಎರಡು ದಡ, ಒಂದೇ ಮಾತು. ಯಾಕೆಂದರೆ ಎರಡಕ್ಕೂ ಗಾಳಿ ಒಂದೇ.

ಭೂಮಿಯ ಗಾಳಿಯನ್ನು ನಾನು ಒಂದು ಯಂತ್ರದಂತೆ ನೋಡುತ್ತೇನೆ. ಸಮಭಾಜಕದ ಬಳಿ ಬಿಸಿಲು ಹೆಚ್ಚು. ಅಲ್ಲಿ ಗಾಳಿ ಕಾದು ಮೇಲೇರುತ್ತದೆ, ಆ ಜಾಗ ತುಂಬಲು ಉತ್ತರದಿಂದಲೂ ದಕ್ಷಿಣದಿಂದಲೂ ಗಾಳಿ ಹರಿದು ಬರುತ್ತದೆ. ಭೂಮಿ ತಿರುಗುತ್ತಿರುವುದರಿಂದ ಅದು ನೇರ ಬರುವುದಿಲ್ಲ. ಉತ್ತರಾರ್ಧದಲ್ಲಿ ಬಲಕ್ಕೂ ದಕ್ಷಿಣಾರ್ಧದಲ್ಲಿ ಎಡಕ್ಕೂ ಬಾಗುತ್ತದೆ. ಹಾಗಾಗಿ ಒಂದು ಈಶಾನ್ಯದ ಗಾಳಿ, ಇನ್ನೊಂದು ಆಗ್ನೇಯದ ಗಾಳಿ. ಇವೇ ವಾಣಿಜ್ಯ ಮಾರುತಗಳು. ಇವು ಹೀಗೆ ಓರೆಯಾಗಿ ಬೀಸಲು ಭೂಮಿಯ ತಿರುಗುವಿಕೆ ಕಾರಣವೆಂದು ಜಾರ್ಜ್ ಹ್ಯಾಡ್ಲಿ 1735ರಲ್ಲೇ ಬರೆದ. ಆ ಬಾಗುವಿಕೆಗೆ ಇಂದು ಅಂಟಿರುವ ಹೆಸರು ಮಾತ್ರ ನೂರು ವರ್ಷದ ನಂತರದ ಕೊರಿಯೋಲಿಸನದ್ದು. ಅವನು ಬರೆದದ್ದು ಗಾಳಿಯ ಬಗ್ಗೆ ಅಲ್ಲ, ನೀರಿನ ಚಕ್ರದಂಥ ತಿರುಗುವ ಯಂತ್ರಗಳ ಬಗ್ಗೆ! ಮೆಕ್ಯಾನಿಕಲ್ ಓದಿದವನಾಗಿ ಈ ಸಂಗತಿ ನನಗೆ ಬಹಳ ಇಷ್ಟ.

ಅಟ್ಲಾಂಟಿಕ್‌ನಲ್ಲಿ ಈ ಮಾರುತಗಳು ವರ್ಷವಿಡೀ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಬೀಸುತ್ತವೆ. ನಮ್ಮ ಕಡಲು ಹಾಗಲ್ಲ, ಅದರ ಉತ್ತರಕ್ಕೆ ಏಷ್ಯಾದ ನೆಲ ಬಾಗಿಲು ಹಾಕಿದಂತೆ ಕುಳಿತಿದೆ. ಬೇಸಿಗೆಯಲ್ಲಿ ಆ ನೆಲ ಕಡಲಿಗಿಂತ ಬೇಗ ಕಾಯುತ್ತದೆ. ಗಾಳಿಯನ್ನು ಎಳೆಯುವ ಜಾಗ ಸಮಭಾಜಕ ಬಿಟ್ಟು ಉತ್ತರ ಭಾರತದ ಕಡೆ ಸರಿಯುತ್ತದೆ. ಆಗ ದಕ್ಷಿಣದ ಆಗ್ನೇಯ ಮಾರುತ ಸಮಭಾಜಕ ದಾಟಿ, ಬಲಕ್ಕೆ ಬಾಗಿ, ನೈಋತ್ಯದ ಗಾಳಿಯಾಗಿ ನಮ್ಮ ಮೇಲೆ ಬೀಳುತ್ತದೆ. ಪೂರ್ವ ಆಫ್ರಿಕಾದ ಎತ್ತರದ ನೆಲ ಅದನ್ನು ಗೋಡೆಯಂತೆ ಒತ್ತಿಹಿಡಿದು ಪೈಪಿನೊಳಗಿನ ನೀರಿನಂತೆ ರಭಸವಾಗಿಸುತ್ತದೆ. ಚಳಿಗಾಲದಲ್ಲಿ ನೆಲ ತಣ್ಣಗಾದಾಗ ಎಲ್ಲ ತಿರುಗುಮುರುಗು. ಮಾನ್ಸೂನ್ ಎಂಬ ಪದ ಬಂದದ್ದೇ ಅರಬಿಯ ಮೌಸಿಮ್‌ನಿಂದ, ಅಂದರೆ ಋತು.

ಗಾಳಿ ತಿರುಗಿದಂತೆ ನೀರೂ ತಿರುಗುತ್ತದೆ. ಅಮೆರಿಕದ ಪೂರ್ವ ಕರಾವಳಿಯ ಗಲ್ಫ್ ಸ್ಟ್ರೀಮ್ ಎಂದೂ ಹಿಮ್ಮುಖವಾಗಿ ಹರಿಯುವುದಿಲ್ಲ. ಆದರೆ ಸೊಮಾಲಿಯಾದ ಪ್ರವಾಹ ಬೇಸಿಗೆಯಲ್ಲಿ ಈಶಾನ್ಯಕ್ಕೆ, ಚಳಿಗಾಲದಲ್ಲಿ ನೈಋತ್ಯಕ್ಕೆ. ಸಲಾಲದ ಮಂಜಿನ ಗುಟ್ಟೂ ಇಲ್ಲೇ ಇದೆ. ದಡದ ಉದ್ದಕ್ಕೆ ಬೀಸುವ ಗಾಳಿ ಮೇಲಿನ ಬಿಸಿ ನೀರನ್ನು ದಡದಿಂದ ದೂರ ತಳ್ಳುತ್ತದೆ, ಆಳದ ತಣ್ಣೀರು ಮೇಲೆ ಬರುತ್ತದೆ. ಆ ತಣ್ಣೀರಿನ ಜೊತೆ ಮೀನಿಗೆ ಬೇಕಾದ ಪೋಷಕಾಂಶವೂ ಬರುತ್ತದೆ. ಮಳೆಗಾಲದಲ್ಲಿ ನಮ್ಮ ದಡದಲ್ಲೂ ಹೀಗೆಯೇ ಆಗುತ್ತದೆ. ಮಳೆ ಕಡಿಮೆಯಾಗಿ ದೋಣಿ ಇಳಿದಾಗ ಬೂತಾಯಿ ರಾಶಿ ಬೀಳುವುದರ ಹಿಂದೆ ಈ ತಣ್ಣೀರಿದೆ.

ಈ ಯಂತ್ರವನ್ನು ಲೆಕ್ಕಿಸದೆ ಹೊರಟರೆ ಏನಾಗುತ್ತದೆ ಎಂಬುದಕ್ಕೆ ವಾಸ್ಕೋ ಡ ಗಾಮನ ಕಥೆ ಸಾಕು. ಶಾಲೆಯಲ್ಲಿ ನಾವು ಅವನು ಬಂದದ್ದನ್ನು ಮಾತ್ರ ಓದಿದೆವು, ಹೋದದ್ದನ್ನಲ್ಲ. 1498ರ ಏಪ್ರಿಲ್ ಕೊನೆಗೆ ಆಫ್ರಿಕಾದ ಮಲಿಂದಿಯಲ್ಲಿ ಕಡಲು ಬಲ್ಲ ಮಾರ್ಗದರ್ಶಿಯೊಬ್ಬನನ್ನು ಹತ್ತಿಸಿಕೊಂಡು ಹೊರಟ. ನಡುಗಡಲನ್ನು ದಾಟಿದ್ದು 23 ದಿನಗಳಲ್ಲಿ. ಆ ಮಾರ್ಗದರ್ಶಿ ಪ್ರಸಿದ್ಧ ನಾವಿಕ ಅಹ್ಮದ್ ಇಬ್ನ್ ಮಾಜಿದ್ ಎಂಬ ಮಾತನ್ನು ನಮ್ಮಲ್ಲಿ ಈಗಲೂ ಹೇಳುವವರಿದ್ದಾರೆ, ಇತಿಹಾಸಕಾರರು ಅದನ್ನು ಒಪ್ಪುವುದಿಲ್ಲ. ಮರಳುವಾಗ ಗಾಮ ಕಾಯಲಿಲ್ಲ. ಆಗಸ್ಟ್ ಕೊನೆಗೆ ಕಲ್ಲಿಕೋಟೆ ಬಿಟ್ಟು, ಕಾರವಾರದ ಎದುರಿನ ಅಂಜದೀವ್‌ನಲ್ಲಿ ಕೆಲ ದಿನ ನಿಂತು, ಅಕ್ಟೋಬರ್ 5ಕ್ಕೆ ಹೊರಟ. ಈಶಾನ್ಯದ ಗಾಳಿ ಇನ್ನೂ ನೆಲೆಯಾಗಿರಲಿಲ್ಲ. ಆಫ್ರಿಕಾ ಕಂಡದ್ದು 1499ರ ಜನವರಿ 2ಕ್ಕೆ. ಅದೇ ಕಡಲು, ಸುಮಾರು ಮೂರು ತಿಂಗಳು. ವಸಡು ಕೊಳೆಯುವ ಸ್ಕರ್ವಿ ರೋಗದಿಂದ ಸುಮಾರು 30 ಜನ ಸತ್ತರು. ನಡೆಸಲು ಜನ ಸಾಲದೆ ಒಂದು ಹಡಗನ್ನು ಅವರೇ ಸುಟ್ಟುಹಾಕಿದರು.

ಇಬ್ನ್ ಮಾಜಿದ್ ಸುಮಾರು 1490ರಲ್ಲಿ ಮುಗಿಸಿದ ನೌಕಾಯಾನದ ಗ್ರಂಥದಲ್ಲಿ ಯಾವ ಕಡೆಗೆ ಯಾವ ದಿನಗಳಲ್ಲಿ ಹೊರಡಬೇಕು ಎಂಬ ಲೆಕ್ಕವಿದೆ. ಅರಬರಿಗೆ ಇದು ಅನ್ನದ ಲೆಕ್ಕ. ಜೂನ್, ಜುಲೈಯಲ್ಲಿ ನಮ್ಮ ದಡಕ್ಕೆ ಬರುವಂತಿಲ್ಲ. ಆ ಅಬ್ಬರ ಇಳಿಯುವಾಗ ಬಂದರೆ ಮರಳುವ ಗಾಳಿಗೆ ತಿಂಗಳುಗಟ್ಟಲೆ ಕಾಯಬೇಕು. ಅದೂ ತಪ್ಪಿದರೆ ಇನ್ನೊಂದು ವರ್ಷ.

ಕಾಯುವವನಿಗೆ ಏನು ಬೇಕು? ಅಂಗಡಿಯವನ ಮಗನಾಗಿ ಹೇಳುತ್ತೇನೆ: ಸಾಮಾನು ಇಡಲು ಕೋಣೆ, ಸಾಲ ಕೊಡುವವನು, ಭಾಷೆ ಬಲ್ಲವನು, ಊಟ. ಆಮೇಲೆ ಮನೆ. ಟುನೀಶಿಯಾ ಮೂಲದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು 12ನೇ ಶತಮಾನದಲ್ಲಿ ಸುಮಾರು 17 ವರ್ಷ ಮಂಗಳೂರು ಕಡೆ ಇದ್ದ. ಇಲ್ಲಿನ ಹೆಣ್ಣಿನೊಂದಿಗೆ ಸಂಸಾರ ಹೂಡಿದ, ಹಿತ್ತಾಳೆ ಪಾತ್ರೆಯ ಕಾರ್ಖಾನೆ ನಡೆಸಿದ, ಅಡಿಕೆ ಮೆಣಸು ಕಳುಹಿಸಿದ. ಕೈರೋದಲ್ಲಿ ಸಿಕ್ಕ ಅವನ ಪತ್ರಗಳಲ್ಲಿ ಏಡನ್‌ನಿಂದ ಕಾಗದ, ಸಕ್ಕರೆ, ಒಣದ್ರಾಕ್ಷಿ ಬಂದದ್ದಿದೆ. ಒಂದು ಪತ್ರಕ್ಕೆ ಉತ್ತರ ಬೇಕಾದರೂ ಗಾಳಿ ತಿರುಗಬೇಕಿತ್ತು. ಸುಮಾರು 1342ರಲ್ಲಿ ಬಂದ ಇಬ್ನ್ ಬತೂತಾ, ಮಂಜರೂರಿನಲ್ಲಿ ಯಮನ್ ಮತ್ತು ಪರ್ಷಿಯಾದ ವ್ಯಾಪಾರಿಗಳು ಇಳಿಯುತ್ತಾರೆ, ಸುಮಾರು 4000 ಮುಸ್ಲಿಮರು ಪ್ರತ್ಯೇಕ ಕೇರಿಯಲ್ಲಿ ವಾಸವಿದ್ದಾರೆ ಎಂದು ದಾಖಲಿಸಿದ್ದಾನೆ. ಮಂಜರೂರು ಎಂದರೆ ನಮ್ಮ ಮಂಗಳೂರು.

ಬ್ಯಾರಿ ಎಂಬ ಹೆಸರು ಬ್ಯಾರ, ಅಂದರೆ ವ್ಯಾಪಾರದಿಂದ ಬಂತೆಂದು ಕೆಲವರು, ಅರಬಿಯ ಬಹ್ರ್, ಅಂದರೆ ಕಡಲಿನಿಂದ ಬಂತೆಂದು ಕೆಲವರು. ಮದುವೆ ಮನೆಯಲ್ಲಿ ಇದರ ವಾದ ಶುರುವಾದರೆ ಬಿರಿಯಾನಿ ತಣ್ಣಗಾಗುತ್ತದೆ. "ನೀವು ಎಲ್ಲಿಂದ ಬಂದವರು?" ಎಂದು ಬಸ್ಸಿನಲ್ಲಿ, ಕೆಲಸದ ಜಾಗದಲ್ಲಿ ಕೇಳುವವರೂ ಇದ್ದಾರೆ, ಎಲ್ಲರೂ ಕುತೂಹಲಕ್ಕೆ ಕೇಳುವುದಿಲ್ಲ. ನನಗೆ ತೋಚುವುದು ಇಷ್ಟು: ಗಾಳಿ ತಂದವರು ಸ್ವಲ್ಪ ಜನ. ಅವರಿಗೆ ಕೋಣೆ ಕೊಟ್ಟವರು, ಹೆಣ್ಣು ಕೊಟ್ಟವರು, ಅವರ ಜೊತೆ ನಮಾಜಿಗೆ ನಿಂತವರು ಇದೇ ದಡದವರು. ನಮ್ಮ ಮಾತನ್ನೇ ನೋಡಿ. ಅರಬಿ ಪದಗಳು ಎಷ್ಟಿದ್ದರೂ ವ್ಯಾಕರಣ ತುಳು, ಮಲಯಾಳಗಳ ನಂಟಿನದ್ದು.

ಉಗಿಹಡಗು ಬಂದ ಮೇಲೆ ಗಾಳಿಗೆ ಕಾಯುವ ಕೆಲಸ ತಪ್ಪಿತು. ಆದರೂ ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿಗಳು ಮೇ ಮಧ್ಯದಲ್ಲಿ ನಿಂತರೆ ಮತ್ತೆ ಹೊರಡುವುದು ಸೆಪ್ಟೆಂಬರ್‌ನಲ್ಲಿ.

ಬಾಪನಿಗೆ ಈಗ ಮೊಣಕಾಲು ನೋವು, ಅಂಗಡಿ ನಾನು ನೋಡಿಕೊಳ್ಳುತ್ತೇನೆ. ಈ ಮೇ ತಿಂಗಳಲ್ಲಿ ಅವರು ಕೇಳುವ ಮೊದಲೇ ಒಣಮೀನು ಎರಡು ಮೂಟೆ ತರಿಸಿದೆ. ಹಿಂದಿನ ಕೋಣೆಗೆ ಇಣುಕಿ ನೋಡಿ, "ಉಪ್ಪು ಸಾಲದು, ಇನ್ನೊಂದು ಚೀಲ ಹೇಳು" ಎಂದರು.