ಬಂದೂಕು, ತುಪಾಕಿ, ಕೋವಿ

ಈ ಮೂರು ಶಬ್ದಗಳನ್ನೂ ನಾವು ಒಂದೇ ಆಯುಧಕ್ಕೆ ಬಳಸುತ್ತೇವೆ. ಅವುಗಳ ಹುಟ್ಟು ಮಾತ್ರ ಬೇರೆ ಬೇರೆ. ತುಪಾಕಿಯು ತುರ್ಕಿಯ ‘ತುಫೆಕ್’ ಶಬ್ದದ ಬಳಗಕ್ಕೆ ಸೇರಿದುದು. ಬಂದೂಕಿನ ಕಥೆ ಹೆಚ್ಚು ಸ್ವಾರಸ್ಯವಾದುದು. ಅರಬ್ಬಿಯಲ್ಲಿ ‘ಬುಂದುಕ್’ ಎಂದರೆ ಮೊದಲು ಒಂದು ಬಗೆಯ ಕಾಯಿ. ಬಳಿಕ, ಆ ಕಾಯಿಯಂತೆ ದುಂಡಾಗಿ, ಬಿಲ್ಲಿನಿಂದ ಹೊಡೆಯಲ್ಪಡುತ್ತಿದ್ದ ಗುಂಡು. ಕಡೆಗೆ, ಗುಂಡನ್ನು ಹಾರಿಸುವ ಆಯುಧವೇ ಆ ಹೆಸರನ್ನು ಪಡೆಯಿತು. 1277ರಲ್ಲಿ ಮಡಿದ ಈಜಿಪ್ತಿನ ಸುಲ್ತಾನ ಬೈಬರ್ಸನಿಗೆ ‘ಬುಂದುಕ್‌ದಾರಿ’ ಎಂಬ ಉಪನಾಮವುಂಟು. ಅದನ್ನು ಕಂಡು, ಅವನ ಸೇನೆಯಲ್ಲಿ ಬಂದೂಕುಗಳಿದ್ದುವೆಂದು ಬರೆಯುವವನು ಚರಿತ್ರೆಯನ್ನೇ ಕೆಡಿಸಿಯಾನು. ಅಲ್ಲಿ ಹೇಳಿರುವುದು ಗುಂಡುಬಿಲ್ಲನ್ನು. ಕೋವಿಯಾದರೋ ಅಚ್ಚಗನ್ನಡದ ಮಾತು; ಕೊಳವೆಯೆಂಬುದೇ ಅದರ ಅರ್ಥ. ಮದ್ದುಗುಂಡು ಪರದೇಶದಿಂದ ಬಂದರೂ ಹೆಸರನ್ನು ನಮ್ಮವರು ಮನೆಯಲ್ಲಿಯೇ ಹುಡುಕಿಕೊಂಡರು. ಕೊಡಗಿನವರು ಕೈಲ್ ಮುಹೂರ್ತದಂದು ಹೂವಿಟ್ಟು ಪೂಜಿಸುವುದು ಈ ಕೋವಿಯನ್ನೇ.