ಕಟ್ಟುಬಡಿ ಪಡೆ (ಹರಪನಹಳ್ಳಿ–ಗುಡೇಕೋಟೆ ಸೀಮೆ)

ಕಟ್ಟುಬಡಿ ಪಡೆ: ಇಂದಿನ ವಿಜಯನಗರ ಜಿಲ್ಲೆಯ ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ತಾಲ್ಲೂಕುಗಳ ಸೀಮೆಯಲ್ಲಿ ಪಾಳೆಯಗಾರರ ಕೈಕೆಳಗಿದ್ದ ಕಾಲಾಳು ಪಡೆ. 1565ರಲ್ಲಿ ವಿಜಯನಗರ ಬಿದ್ದ ಮೇಲೆ ಬೆಳೆದ ಈ ಪಡೆ 1800ರಿಂದ 1807ರ ನಡುವೆ, ಈಸ್ಟ್ ಇಂಡಿಯಾ ಕಂಪನಿಯ ಕಂದಾಯ ವ್ಯವಸ್ಥೆ ನೆಲೆಗೊಳ್ಳುತ್ತಿದ್ದಂತೆ ಕರಗಿಹೋಯಿತು. ಪಡೆಯಲ್ಲಿ ಬೇಡ ನಾಯಕ ಸಮುದಾಯದವರದೇ ಮೇಲುಗೈ. ಇದರ ಇತಿಹಾಸ ಹೇಳುವಾಗ ಕಾಳಗಗಳಿಗೆ ಕೊಟ್ಟಷ್ಟು ಗಮನವನ್ನು ಹೊಲದ ಲೆಕ್ಕಕ್ಕೆ ಕೊಟ್ಟಿರುವುದು ವಿರಳ. ಆದರೆ ಪಡೆ ಕಟ್ಟಿದ್ದೂ ಹೊಲದಿಂದ, ಮುರಿದದ್ದೂ ಹೊಲದಿಂದ.

ಹೆಸರು ಮತ್ತು ಸ್ವರೂಪ

ಕಟ್ಟುಬಡಿ ಎಂದರೆ ಸೇವೆಯ ಕಟ್ಟಿಗೆ ಒಳಪಟ್ಟು, ಕಡಿಮೆ ಕಂದಾಯಕ್ಕೆ ಬಿಟ್ಟುಕೊಟ್ಟ ಭೂಮಿ. ಅದನ್ನು ಉಳುವವನೇ ಕಟ್ಟುಬಡಿ ಬಂಟ. ಕಂಪನಿಯ ಕಾಗದಪತ್ರಗಳಲ್ಲಿ ಇವರನ್ನು ‘ಪಿಯೋನು’ಗಳೆಂದು ಕರೆದಿರುವುದರಿಂದ, ಕಚೇರಿಯ ಜವಾನರಿಗೂ ಇವರಿಗೂ ವ್ಯತ್ಯಾಸ ಕಾಣದೆ ಕೆಲವು ಬರಹಗಳಲ್ಲಿ ಗೊಂದಲ ಉಂಟಾಗಿದೆ. ವಾಸ್ತವವಾಗಿ ಇವರು ಉಳುಮೆಯ ಹಂಗಾಮಿನಲ್ಲಿ ರೈತರು, ಕರೆ ಬಂದಾಗ ಈಟಿ, ಕತ್ತಿ, ನಾಡಕೋವಿ ಹಿಡಿಯುವ ಬಂಟರು. ಊರಿನ ಕಾವಲು, ಸಂತೆಯ ದಾರಿಯ ರಕ್ಷಣೆ, ಕಳುವಾದ ದನದ ಪತ್ತೆ, ಕೋಟೆಯ ಪಹರೆ, ಪಾಳೆಯಗಾರ ಯುದ್ಧಕ್ಕೆ ಹೊರಟಾಗ ಬೆನ್ನಿಗೆ ನಿಲ್ಲುವುದು, ಇವೆಲ್ಲ ಆ ಹೊಲಕ್ಕೆ ತೆರಬೇಕಾದ ಋಣ. ತಂದೆಯ ಹೊಲದ ಜೊತೆಗೆ ತಂದೆಯ ಪಹರೆಯೂ ಮಗನಿಗೆ ಬರುತ್ತಿತ್ತು.

ಈ ಸೀಮೆಯ ಬೆಟ್ಟದ ನೆಲವನ್ನು ಅದೇ ಬೆಟ್ಟದ ಜನ ಕಾಯುತ್ತಿದ್ದ ಈ ಬಗೆಯ ಏರ್ಪಾಟನ್ನು ಬೇರೆ ಕೆಲವು ದೇಶಗಳು ಬಹಳ ತಡವಾಗಿ ಶಾಸನಬದ್ಧವಾಗಿ ರೂಪಿಸಿದವು. ಇಟಲಿಯಲ್ಲಿ ಜುಸೆಪ್ಪೆ ಪೆರುಕೆಟ್ಟಿ ಎಂಬ ಸೇನಾಧಿಕಾರಿಯ ಸಲಹೆಯಂತೆ 1872ರಲ್ಲಿ ಸ್ಥಾಪನೆಯಾದ ‘ಆಲ್ಪೀನಿ’ ಪಡೆಗೆ ಆಲ್ಪ್ಸ್ ಕಣಿವೆಗಳ ಯುವಕರನ್ನೇ ಆಯ್ದುಕೊಂಡು ಅವರ ಕಣಿವೆಗಳಲ್ಲೇ ನಿಲ್ಲಿಸಲಾಯಿತು. 1882ರಲ್ಲಿ ಅದು ಆರು ರೆಜಿಮೆಂಟುಗಳಾಯಿತು. ಆಲ್ಪೀನಿಗಳ ಬೆನ್ನಿಗೆ ಒಂದು ರಾಷ್ಟ್ರದ ಖಜಾನೆ ಇತ್ತು, ಹಾಜರಿ ಪಟ್ಟಿ ಇತ್ತು. ಕಟ್ಟುಬಡಿ ಬಂಟನಿಗಿದ್ದದ್ದು ಒಂದು ತುಂಡು ಹೊಲ ಮತ್ತು ಒಬ್ಬ ನಾಯಕನ ಮಾತು.

ನೆಲ, ಕೋಟೆ, ಹುಡೇವು

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ, ಜರಿಮಲೆಗಳ ಸುತ್ತ ಬೆಣಚು ಬಂಡೆಗಳ ಗುಡ್ಡಗಳು ಒಂದರ ಮೇಲೊಂದು ಪೇರಿಸಿಟ್ಟಂತಿವೆ. ಬಂಡೆಗಳ ಸಂದಿನಲ್ಲಿ ಗವಿಗಳು, ಮಳೆನೀರು ನಿಲ್ಲುವ ದೊಣೆಗಳು, ಅಪರಿಚಿತರ ಕಣ್ಣಿಗೆ ಬೀಳದ ಕಾಲುದಾರಿಗಳು. ಇದೇ ಗುಡ್ಡಗಳಲ್ಲಿ 2013ರಲ್ಲಿ ಗುಡೇಕೋಟೆ ಕರಡಿಧಾಮ ಘೋಷಣೆಯಾಯಿತು. ಇಂಥ ನೆಲದಲ್ಲಿ ಕುದುರೆ ದಂಡಿಗೆ ಬಲವಿಲ್ಲ. ದೊಣೆ ಎಲ್ಲಿದೆ, ಬೇಸಿಗೆಯಲ್ಲಿ ಅದರಲ್ಲಿ ನೀರು ಎಷ್ಟು ದಿನ ಉಳಿಯುತ್ತದೆ ಎಂಬುದನ್ನು ಬಲ್ಲ ಕಾಲಾಳಿನದೇ ಬಲ.

ಹಡಗಲಿ, ಹಗರಿಬೊಮ್ಮನಹಳ್ಳಿಗಳ ಕಡೆ ನೆಲ ಸಮತಟ್ಟಾಗುತ್ತ ತುಂಗಭದ್ರೆಯ ದಿಕ್ಕಿಗೆ ಇಳಿಯುತ್ತದೆ. ಬಯಲಿನಲ್ಲಿ ಬೆಟ್ಟದ ಕೆಲಸವನ್ನು ಹುಡೇವು ಮಾಡುತ್ತಿತ್ತು. ಬಳ್ಳಾರಿ, ಚಿತ್ರದುರ್ಗ ಸೀಮೆಗಳ ಹಳೆಯ ಊರುಗಳಲ್ಲಿ ಇಂದಿಗೂ ಅಲ್ಲಲ್ಲಿ ಉಳಿದಿರುವ ಹುಡೇವು ಕಲ್ಲುಮಣ್ಣಿನ ದುಂಡನೆಯ ಎತ್ತರದ ಬುರುಜು. ಬಾಗಿಲು ನೆಲಮಟ್ಟದಲ್ಲಿ ಇಲ್ಲದ ಕಟ್ಟಡಕ್ಕೆ ಹಗ್ಗವನ್ನೋ ಏಣಿಯನ್ನೋ ಹಿಡಿದು ಏರಿ, ಏರಿದ ಮೇಲೆ ಅದನ್ನು ಮೇಲಕ್ಕೆ ಎಳೆದುಕೊಳ್ಳಬೇಕಿತ್ತು. ಗೋಡೆಯ ಕಿಂಡಿಗಳು ಹೊರಗೆ ಕಿರಿದು, ಒಳಗೆ ಅಗಲ: ಒಳಗಿನವನಿಗೆ ಕೋವಿ ತಿರುಗಿಸಲು ಜಾಗ, ಹೊರಗಿನವನಿಗೆ ಗುರಿಯಿಡಲು ಬರೀ ಒಂದು ಬಿರುಕು. ಲೂಟಿಕೋರರು ಬಂದಾಗ ಊರಿನ ಜನ ಸೇರುತ್ತಿದ್ದ ಆಸರೆ ಇದೇ, ಕಟ್ಟುಬಡಿ ಬಂಟನ ದಿನನಿತ್ಯದ ಠಾಣೆಯೂ ಇದೇ. ಪಾಳೆಯಗಾರರ ಕೋಟೆಗಳಿಗೆ ಸಿಕ್ಕ ಸಂರಕ್ಷಣೆ ಹುಡೇವುಗಳಿಗೆ ಸಿಕ್ಕಿಲ್ಲ. ಸಾಮಾನ್ಯ ಬಂಟನ ಬದುಕಿಗೆ ಇವುಗಳಿಗಿಂತ ಹತ್ತಿರದ, ಇಂದಿಗೂ ನಿಂತಿರುವ ಸಾಕ್ಷಿ ಈ ಸೀಮೆಯಲ್ಲಿ ಬೇರೊಂದಿಲ್ಲ.

ಪೂರ್ವೇತಿಹಾಸ

ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗ ಪಾಳೆಯಗಾರರಿಗಿಂತ ಬಹಳ ಹಿಂದಿನ ಗಿರಿದುರ್ಗ. ನೊಳಂಬವಾಡಿಯನ್ನು ಆಳಿದ ಉಚ್ಚಂಗಿ ಪಾಂಡ್ಯರಿಗೆ ಅದು ರಾಜಧಾನಿಯಾಗಿತ್ತು. 12ನೆಯ ಶತಮಾನದ ಕೊನೆಯ ಭಾಗದಲ್ಲಿ ಅದನ್ನು ಗೆದ್ದ ಹೊಯ್ಸಳ ಇಮ್ಮಡಿ ಬಲ್ಲಾಳ ‘ಗಿರಿದುರ್ಗಮಲ್ಲ’, ‘ಶನಿವಾರಸಿದ್ಧಿ’ ಎಂಬ ಬಿರುದುಗಳನ್ನು ಧರಿಸಿದ. ವಿಜಯನಗರದ ಕಾಲದಲ್ಲಿ ಇದೇ ಸೀಮೆಯ ಕಾವಲು, ತಳವಾರಿಕೆಗಳು ಸ್ಥಳೀಯ ನಾಯಕರ ಕೈಯಲ್ಲಿದ್ದವು. ಆ ತಳವಾರಿಕೆಯೇ ಪಾಳೆಯಪಟ್ಟುಗಳ ಬೇರು.

ಪಾಳೆಯಪಟ್ಟುಗಳ ಉದಯ

ಹರಪನಹಳ್ಳಿ ಮನೆತನದ ಮೂಲಪುರುಷ ದಾದಯ್ಯ ನಾಯಕ. ಕೆಲವು ಆಕರಗಳಲ್ಲಿ ದಾದಪ್ಪ ಎಂಬ ರೂಪವೂ ಇದೆ. ಬಾಗಳಿ, ನೀಲಗುಂದ ಗ್ರಾಮಗಳ ತಳವಾರಿಕೆಯಿಂದ ಮೇಲೆದ್ದ ಈ ಮನೆತನ 1565ರ ನಂತರದ ಅರಾಜಕತೆಯಲ್ಲಿ ಸುತ್ತಲ ಊರುಗಳನ್ನು ಕೂಡಿಸಿಕೊಂಡು, ಚಿತ್ರದುರ್ಗದ ನಾಯಕರೊಡನೆ ನೆಂಟಸ್ತನ ಬೆಳೆಸಿ ಬಲಗೊಂಡಿತು. ಮುಂದೆ ಅದೇ ಚಿತ್ರದುರ್ಗ ಅದರ ಬದ್ಧವೈರಿಯಾಯಿತು. ಕೂಡ್ಲಿಗಿಯ ಕಡೆ ಗುಡೇಕೋಟೆ ಮತ್ತು ಜರಿಮಲೆ ಚಿಕ್ಕ ಪಾಳೆಯಪಟ್ಟುಗಳಾಗಿ ತಲೆಯೆತ್ತಿದವು.

ಬಂಟರೆಲ್ಲರನ್ನೂ ‘ಬೇಡರು’ ಎಂಬ ಒಂದೇ ಹೆಸರಿನಡಿ ಕೂಡಿಸುವ ರೂಢಿಯಿದೆ. ಈ ಸೀಮೆಯಲ್ಲಿ ಊರುಬೇಡರು ಮತ್ತು ಮ್ಯಾಸಬೇಡರು ಎಂಬ ಎರಡು ಭಿನ್ನ ಜೀವನಕ್ರಮಗಳಿದ್ದವು. ಊರುಬೇಡರು ಗ್ರಾಮಗಳಲ್ಲಿ ನೆಲೆಸಿ ಕಾವಲು, ಬೇಸಾಯಗಳಲ್ಲಿ ತೊಡಗಿದವರು. ಮ್ಯಾಸಬೇಡರು ಕೂಡ್ಲಿಗಿ, ಮೊಳಕಾಲ್ಮೂರು, ಚಳ್ಳಕೆರೆ ಭಾಗಗಳ ಹಟ್ಟಿಗಳಲ್ಲಿ ದನಗಾಹಿಗಳಾಗಿ ಬದುಕಿದವರು. ಅವರಿಗೆ ಕುಲಾಡಳಿತದ ತಮ್ಮದೇ ಆದ ಕಟ್ಟೆಮನೆಗಳು, ಗುಡಿಕಟ್ಟುಗಳು, ದೇವರ ಎತ್ತುಗಳು ಇವೆ. ಗಾದ್ರಿ ಪಾಲನಾಯಕನಂಥ ಅವರ ಸಾಂಸ್ಕೃತಿಕ ವೀರರು ಅರಸರಲ್ಲ, ದನ ಕಾದ ಧೀರರು. ಈ ಎರಡನ್ನೂ ಬೆರೆಸಿದರೆ ಪಡೆಯ ಒಳರಚನೆ ಅರ್ಥವಾಗುವುದಿಲ್ಲ. ಹಟ್ಟಿಯ ಜನ ಪಾಳೆಯಗಾರನಿಗಿಂತ ಮೊದಲು ತಮ್ಮ ಕಟ್ಟೆಮನೆಗೆ ಬದ್ಧರು.

ಮಾಯಕೊಂಡದ ಕಾಳಗ

ಹರಪನಹಳ್ಳಿ ಪಡೆಯ ಅತ್ಯಂತ ಪ್ರಸಿದ್ಧ ಕಾಳಗ ನಡೆದದ್ದು ಇಂದಿನ ದಾವಣಗೆರೆ ಜಿಲ್ಲೆಯ ಮಾಯಕೊಂಡದಲ್ಲಿ. ಒಂದು ಕಡೆ ಚಿತ್ರದುರ್ಗದ ಹಿರೇ ಮದಕರಿ ನಾಯಕ, ಎದುರಿಗೆ ಹರಪನಹಳ್ಳಿಯ ಸೋಮಶೇಖರ ನಾಯಕನ ಜೊತೆಗೂಡಿದ ಬಿದನೂರು, ರಾಯದುರ್ಗ, ಸವಣೂರುಗಳ ಒಕ್ಕೂಟ. ಚಿತ್ರದುರ್ಗದ ಪರವಾಗಿ ಕರ್ನಾಟಿಕ್ ಸೀಮೆಯ ಚಂದಾ ಸಾಹೇಬನೂ ಕಾದಿದ. ಮದಕರಿ ನಾಯಕ ರಣರಂಗದಲ್ಲೇ ಮಡಿದ. ಚಂದಾ ಸಾಹೇಬನ ಮಗನೂ ಸತ್ತು, ಚಂದಾ ಸಾಹೇಬ ಸೆರೆಸಿಕ್ಕಿದ.

ಈ ಕಾಳಗದ ಕುರಿತು ಎರಡು ತೊಡಕುಗಳಿವೆ. ಮೊದಲನೆಯದು ವರ್ಷ: 1747 ಎಂದೂ 1748 ಎಂದೂ ಪುಸ್ತಕಗಳಲ್ಲಿ ಕಾಣುತ್ತದೆ. 1741ರಲ್ಲಿ ತಿರುಚಿರಾಪಳ್ಳಿಯಲ್ಲಿ ಮರಾಠರ ಸೆರೆಗೆ ಬಿದ್ದಿದ್ದ ಚಂದಾ ಸಾಹೇಬ ಬಿಡುಗಡೆಯಾಗಿ ದಕ್ಷಿಣಕ್ಕೆ ಬರುವ ದಾರಿಯಲ್ಲಿ ಈ ಯುದ್ಧಕ್ಕೆ ಸೇರಿದ್ದರಿಂದ, ಮತ್ತು 18ನೆಯ ಶತಮಾನದ ಇತಿಹಾಸಕಾರ ರಾಬರ್ಟ್ ಓರ್ಮ್ 1748ರ ಮಾರ್ಚ್ ತಿಂಗಳನ್ನೇ ಹೇಳುವುದರಿಂದ, 1748 ಹೆಚ್ಚು ಒಪ್ಪತಕ್ಕದ್ದು. ಎರಡನೆಯದು ಗೆಲುವಿನ ಹೆಸರು. ಓರ್ಮ್‌ನ ಗಮನವೆಲ್ಲ ಚಂದಾ ಸಾಹೇಬನ ಮೇಲೆ, ಆದ್ದರಿಂದ ಅವನ ಕಥನದಲ್ಲಿ ಇದು ಬಿದನೂರಿನ ಗೆಲುವು. ನಾಡಿನ ಪರಂಪರೆಯಲ್ಲಿ ಮದಕರಿಯನ್ನು ಕೊಂದವನು ಸೋಮಶೇಖರ ನಾಯಕ, ಗೆಲುವು ಹರಪನಹಳ್ಳಿಯದು. ಎರಡೂ ಕಥನಗಳಲ್ಲಿ ಬಂಟರು ಬರಿಯ ಸಂಖ್ಯೆ. ಅಂದು ಎರಡು ದಂಡುಗಳಲ್ಲೂ ಒಂದೇ ಸಮುದಾಯದ, ಬಹುಶಃ ಒಂದೇ ಬೆಡಗಿನ (ಕುಲದ) ಜನ ಎದುರುಬದುರಾಗಿ ನಿಂತಿದ್ದರು ಎಂಬುದನ್ನು ಮರೆತರೆ ಆ ದಿನದ ನೋವು ಕಾಣುವುದಿಲ್ಲ.

ಗೆದ್ದರೂ ಹರಪನಹಳ್ಳಿಯ ಎಲ್ಲೆ ಹೆಚ್ಚೇನೂ ಹಿಗ್ಗಲಿಲ್ಲ, ಸೋತರೂ ಚಿತ್ರದುರ್ಗ ಅಳಿಯಲಿಲ್ಲ. ಆದ್ದರಿಂದ ಮಾಯಕೊಂಡವನ್ನು ಈ ಪಡೆಯ ಇತಿಹಾಸದ ತಿರುವು ಎನ್ನುವುದಕ್ಕಿಂತ ಅದರ ಶಕ್ತಿಯ ತುತ್ತತುದಿ ಎನ್ನುವುದು ಸರಿ.

ಮೈಸೂರಿನ ಅಧೀನದಲ್ಲಿ

ಹೈದರ್ ಅಲಿ ಉತ್ತರಕ್ಕೆ ಕೈಚಾಚಿದಾಗ ಹರಪನಹಳ್ಳಿಯ ಪಾಳೆಯಗಾರರು ಪೇಷ್‌ಕಷ್ (ಕಪ್ಪ) ಒಪ್ಪಿ, ಕರೆದಾಗ ದಂಡು ಕಳುಹಿಸುವ ಸಾಮಂತರಾದರು. 1779ರಲ್ಲಿ ಚಿತ್ರದುರ್ಗ ಬಿತ್ತು. ಸುಮಾರು 20,000 ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿ, ಹುಡುಗರನ್ನು ‘ಚೇಲಾ’ ತುಕಡಿಗಳಾಗಿ ಕಟ್ಟಲಾಯಿತು. ಊರು, ಹೊಲ, ಬೆಡಗುಗಳಿಂದ ಕಿತ್ತ ಬಂಟರನ್ನು ಕವಾಯತು ಕಲಿತ ಸಿಪಾಯಿಗಳಾಗಿ ಮಾಡಿದ ದೊಡ್ಡ ಪ್ರಯೋಗ ಅದು. ಪಕ್ಕದ ಹರಪನಹಳ್ಳಿ, ಕೂಡ್ಲಿಗಿ ಸೀಮೆಗೆ ಅದು ಎಚ್ಚರಿಕೆಯೂ ಆಗಿತ್ತು.

ಚಿತ್ರದುರ್ಗದ ಮುತ್ತಿಗೆಯೊಡನೆ ಸೇರಿಕೊಂಡಿರುವ ಒನಕೆ ಓಬವ್ವಳ ಕಥೆಗೆ ಈ ಸೀಮೆಯ ಎಳೆಯೊಂದಿದೆ. ಕೋಟೆಯ ಕಾವಲುಗಾರ ಕಹಳೆಯ ಮುದ್ದಹನುಮನ ಹೆಂಡತಿಯಾದ ಅವಳ ತವರು ಗುಡೇಕೋಟೆ ಎಂಬುದು ಅಲ್ಲಿನ ಜನರ ಗಾಢ ನಂಬಿಕೆ. ಕಾವಲು ಒಬ್ಬ ಗಂಡಸಿನ ಉದ್ಯೋಗವಾಗಿರಲಿಲ್ಲ, ಮನೆಮಂದಿಯೆಲ್ಲ ಹೊತ್ತ ಹೊಣೆಯಾಗಿತ್ತು. ಗಂಡ ಊಟಕ್ಕೆ ಕೂತಾಗ ಪಹರೆ ಹೆಂಡತಿಯ ಪಾಲಿಗೆ ಬಂತು ಎಂಬ ಕಥೆಯ ತಿರುಳು ಕಟ್ಟುಬಡಿಯ ಈ ಸ್ವರೂಪಕ್ಕೆ ಚೆನ್ನಾಗಿ ಹೊಂದುತ್ತದೆ.

ಟಿಪ್ಪು ಸುಲ್ತಾನನ 1786ರ ಆದವಾನಿ ಮುತ್ತಿಗೆಯ ದಂಡಯಾತ್ರೆಗೆ ಹರಪನಹಳ್ಳಿ, ರಾಯದುರ್ಗಗಳ ಪಾಳೆಯಗಾರರು ತಮ್ಮ ಬಂಟರೊಡನೆ ಹೋಗಿದ್ದರು. 1787ರಲ್ಲಿ ಮರಾಠರೊಡನೆ ಒಪ್ಪಂದವಾದ ಮೇಲೆ ಹಿಂದಿರುಗುವಾಗ ಟಿಪ್ಪು ಇಬ್ಬರನ್ನೂ ಸೆರೆಹಿಡಿದು, ಅವರ ಸೀಮೆಗಳನ್ನು ನೇರ ಆಡಳಿತಕ್ಕೆ ತೆಗೆದುಕೊಂಡ. ಮಾರ್ಕ್ ವಿಲ್ಕ್ಸ್ ಇದನ್ನು ವಿಶ್ವಾಸದ್ರೋಹವೆಂದೇ ಬರೆದಿದ್ದಾನೆ. ವಿಲ್ಕ್ಸ್ ಕಂಪನಿಯ ಅಧಿಕಾರಿ, ಟಿಪ್ಪುವಿನ ವಿರೋಧಿ ಪಾಳೆಯದವನು ಎಂಬುದನ್ನು ಗಮನದಲ್ಲಿಟ್ಟುಕೊಂಡು ಅವನ ಮಾತನ್ನು ಓದಬೇಕು. ಪಾಳೆಯಗಾರರ ಮಧ್ಯವರ್ತಿ ಅಧಿಕಾರವನ್ನು ತೆಗೆದುಹಾಕಿ ಕಂದಾಯವನ್ನು ನೇರವಾಗಿ ಖಜಾನೆಗೆ ತರುವುದು ಟಿಪ್ಪುವಿನ ನೀತಿ. ಹದಿನೈದು ವರ್ಷ ಕಳೆಯುವುದರೊಳಗೆ ಕಂಪನಿಯೂ ಅದನ್ನೇ ಮಾಡಿತು.

ಕಂಪನಿ ಮತ್ತು ಪಡೆಯ ಅಂತ್ಯ

ನಿಜವಾದ ತಿರುವು ಬಂದದ್ದು ರಣರಂಗದಲ್ಲಲ್ಲ. 1799ರ ಮೈಸೂರು ವಿಭಜನೆಯ ಒಪ್ಪಂದದಲ್ಲಿ ಹರಪನಹಳ್ಳಿ, ಆನೆಗೊಂದಿ, ಸೋಂದೆಗಳನ್ನು ಪೇಶ್ವೆಗೆಂದು ತೆಗೆದಿಡಲಾಗಿತ್ತು. ಷರತ್ತುಗಳಿಗೆ ಪೇಶ್ವೆ ಒಪ್ಪದ ಕಾರಣ ಆ ಪಾಲನ್ನು ನಿಜಾಮ ಮತ್ತು ಕಂಪನಿ ಹಂಚಿಕೊಂಡರು. 1800ರ ಅಕ್ಟೋಬರ್ 12ರ ಒಪ್ಪಂದದಂತೆ, ತನ್ನ ರಕ್ಷಣೆಗೆ ನಿಂತ ಕಂಪನಿ ಸೈನ್ಯದ ವೆಚ್ಚಕ್ಕೆ ಬದಲಾಗಿ ನಿಜಾಮ ಮೈಸೂರಿನಿಂದ ತನಗೆ ದಕ್ಕಿದ್ದನ್ನೆಲ್ಲ ಬಿಟ್ಟುಕೊಟ್ಟ. ಅದೇ ‘ದತ್ತ ಮಂಡಲ’.

ಅದರ ಮುಖ್ಯ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ 1800ರಿಂದ 1807ರವರೆಗೆ ಇಲ್ಲಿದ್ದ. ದತ್ತ ಮಂಡಲದಲ್ಲಿ ಸುಮಾರು 80 ಪಾಳೆಯಗಾರರಿದ್ದು, ಅವರ ಬಳಿ 30,000ದಷ್ಟು ಆಯುಧಧಾರಿ ಬಂಟರಿದ್ದರೆಂಬುದು ಆಗಿನ ಅಂದಾಜು. ಜನರಲ್ ಡುಗಾಲ್ಡ್ ಕ್ಯಾಂಪ್‌ಬೆಲ್‌ನ ಸೈನ್ಯ ಕೆಲವು ಕೋಟೆಗಳ ಮೇಲೆ ಏರಿಹೋಯಿತು. ಆದರೆ ಮನ್ರೋವಿನ ಮುಖ್ಯ ಆಯುಧ ಜಮಾಬಂದಿ, ಅಂದರೆ ಕಂದಾಯದ ನಿಗದಿ. ಪಾಳೆಯಪಟ್ಟಿನ ಪೇಷ್‌ಕಷ್ಷನ್ನು ಅದರ ಪೂರ್ತಿ ಹುಟ್ಟುವಳಿಯ ಹತ್ತಿರಕ್ಕೆ ಏರಿಸಿದರೆ, ಬಂಟರಿಗೆ ಬಿಡಲು ಪಾಳೆಯಗಾರನ ಕೈಯಲ್ಲಿ ಹೊಲ ಉಳಿಯುವುದಿಲ್ಲ. ಹೊಲವಿಲ್ಲದೆ ಬಂಟನಿಲ್ಲ, ಬಂಟನಿಲ್ಲದೆ ಪಾಳೆಯಗಾರನಿಲ್ಲ. ಕಿಸ್ತು ತಪ್ಪಿಸಿದವರನ್ನು ಹೊರಹಾಕಲಾಯಿತು, ಕೆಲವರಿಗೆ ಪಿಂಚಣಿ ಸಿಕ್ಕಿತು. ಈ ಕಠೋರತೆಗೆ ಲಂಡನ್ನಿನ ನಿರ್ದೇಶಕರ ಮಂಡಳಿಯೇ ಆಕ್ಷೇಪ ಎತ್ತಿತ್ತು. ಪಾಳೆಯಗಾರರ ಮೂಲ, ಪೇಷ್‌ಕಷ್, ಹಕ್ಕುಗಳ ಕುರಿತು ಮನ್ರೋ 1802ರಲ್ಲಿ ಬರೆದ ವರದಿ ಈ ಸೀಮೆಗೆ ಇಂದಿಗೂ ದೊಡ್ಡ ಆಕರ. ಅದು ಪಾಳೆಯಪಟ್ಟುಗಳನ್ನು ಕಳಚಿಹಾಕಲು ಹೊರಟವನ ಕೈಬರಹ ಎಂಬುದೂ ಅಷ್ಟೇ ನಿಜ.

ಬಂಟರೆಲ್ಲರೂ ಒಮ್ಮೆಗೇ ನಿರುದ್ಯೋಗಿಗಳಾಗಲಿಲ್ಲ. ಕೆಲವು ಕಟ್ಟುಬಡಿ ಹೊಲಗಳು ಪೊಲೀಸು ಕಾವಲಿನ ಷರತ್ತಿನ ಮೇಲೆ ಮುಂದುವರಿದವು. ಉಳಿದವರು ರೈತವಾರಿ ಪಟ್ಟಾದಾರರಾದರು. 1858ರಲ್ಲಿ ನೇಮಕವಾದ ಮದರಾಸು ಪ್ರಾಂತ್ಯದ ಇನಾಂ ಆಯೋಗ ಸೇವೆಯ ಭೂಮಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಹೊಲಕ್ಕೂ ಪಹರೆಗೂ ಇದ್ದ ಕೊನೆಯ ನಂಟೂ ಸಡಿಲವಾಯಿತು.

ಆನಂತರ

1857ರಲ್ಲಿ ಆಯುಧ ಒಪ್ಪಿಸಬೇಕೆಂಬ ಆಜ್ಞೆಯನ್ನು ಮುಧೋಳದ ಹಲಗಲಿಯ ಬೇಡರು ಧಿಕ್ಕರಿಸಿದರು. 1858ರಲ್ಲಿ ಮುಂಡರಗಿ ಭೀಮರಾಯ ಕೊಪ್ಪಳ ಕೋಟೆ ಹಿಡಿದು ಮಡಿದಾಗ, ಅವನ ಜೊತೆಗಿದ್ದ ಕೆಂಚನಗೌಡನ ಊರು ಹಮ್ಮಿಗಿ ಹಡಗಲಿಗೆ ಎದುರು ದಡದಲ್ಲೇ ಇತ್ತು. ತುಂಗಭದ್ರೆಯ ಈಚೆ ದಡದಲ್ಲಿ ಅಂಥ ದೊಡ್ಡ ದಂಗೆ ಏಳಲಿಲ್ಲ. ಇಲ್ಲಿ ಆಯುಧ ಕಸಿಯುವ ಮೊದಲೇ, ಅರ್ಧ ಶತಮಾನದ ಹಿಂದೆ, ಆಯುಧ ಹಿಡಿಯುವ ಕಾರಣವನ್ನೇ ಕಸಿಯಲಾಗಿತ್ತು.

20ನೆಯ ಶತಮಾನದಲ್ಲಿ ಮದರಾಸು ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದ ಈ ಸೀಮೆ 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ಮತ್ತೆ ಬಳ್ಳಾರಿಗೆ ಮರಳಿ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಯ ಭಾಗವಾಯಿತು. ನಾಯಕ ಸಮುದಾಯಕ್ಕೆ 1991ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ಕೂಡ್ಲಿಗಿ ವಿಧಾನಸಭಾ ಕ್ಷೇತ್ರ ಇಂದು ಪರಿಶಿಷ್ಟ ಪಂಗಡಕ್ಕೆ ಮೀಸಲು.

ಆಕರಗಳ ಸ್ಥಿತಿ

ಕನ್ನಡ ಓದುಗರಿಗೆ ಪಾಳೆಯಗಾರರೆಂದರೆ ಮೊದಲು ನೆನಪಾಗುವುದು ಚಿತ್ರದುರ್ಗ. ತ.ರಾ.ಸು. ಅವರ ‘ದುರ್ಗಾಸ್ತಮಾನ’ದಂಥ ಕಾದಂಬರಿಗಳು ಆ ನೆನಪನ್ನು ಗಟ್ಟಿಗೊಳಿಸಿವೆ. ಹರಪನಹಳ್ಳಿ ಅಲ್ಲಿ ಎದುರಾಳಿಯಾಗಿ ಮಾತ್ರ ಬರುತ್ತದೆ, ಗುಡೇಕೋಟೆ, ಜರಿಮಲೆಗಳು ಹೆಸರಿಗಷ್ಟೇ. ಕೆಲ್ಸಾಲನ 1872ರ ಬಳ್ಳಾರಿ ಜಿಲ್ಲಾ ಕೈಪಿಡಿ, ಫ್ರಾನ್ಸಿಸ್‌ನ 1904ರ ಗ್ಯಾಸೆಟಿಯರ್ ವಂಶಾವಳಿಗಳನ್ನು ಕೊಡುತ್ತವೆ. ಕರ್ನಲ್ ಮೆಕೆಂಜಿ ಸಂಗ್ರಹಿಸಿದ ಕೈಫಿಯತ್ತುಗಳನ್ನು (ಊರುಗಳ ಸ್ಥಳೀಯ ವೃತ್ತಾಂತಗಳನ್ನು) ಎಂ.ಎಂ. ಕಲಬುರ್ಗಿ ಅವರ ಸಂಪಾದಕತ್ವದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದ ಮೇಲೆ ಸ್ಥಳೀಯ ದನಿ ಕೇಳುವಂತಾಯಿತು. ಮ್ಯಾಸಬೇಡರ ಮೌಖಿಕ ಕಾವ್ಯಗಳ ಸಂಗ್ರಹ ಹಟ್ಟಿಗಳ ಒಳಗಿನ ನೋಟವನ್ನು ತಂದುಕೊಟ್ಟಿದೆ.

ಇವೆಲ್ಲವೂ ನಾಯಕರ, ದೇವರುಗಳ, ವೀರರ ಕಥೆಗಳು. ಹೊಲ ಉತ್ತು ಹುಡೇವು ಕಾದ ಬಂಟನ ಲೆಕ್ಕ ಇರುವುದು ಇನಾಂ ದಫ್ತರಗಳ ಸಾಲುಗಳಲ್ಲಿ: ಸರ್ವೆ ನಂಬರು, ವಿಸ್ತೀರ್ಣ, ಸೇವೆಯ ಬಗೆ, ಅನುಭವದಾರನ ಹೆಸರು. ಹಾಜರಿ ಪಟ್ಟಿ ಇಲ್ಲದ ಪಡೆಗೆ ಅದೇ ಹಾಜರಿ ಪಟ್ಟಿ.