ಮ್ಯಾಂಗೋ ಲೇನಿನ ಚಹದ ಮನೆ

ಕಲ್ಕತ್ತೆಯ ದಕ್ಷಿಣಭಾಗದಲ್ಲಿ, ರಾಸ್‌ಬಿಹಾರಿ ಅವೆನ್ಯೂ ಬಂದು ಗರಿಯಾಹಾಟ್ ರಸ್ತೆಯನ್ನು ಕೂಡುವ ಚೌಕದ ಸುತ್ತಮುತ್ತ, ಸೀರೆ, ಪಾತ್ರೆ, ಮೀನುಗಳ ವ್ಯಾಪಾರದ ನಡುವೆ ಚಹದ ಎಲೆಯನ್ನು ಬಿಡಿಯಾಗಿ ಮಾರುವ ಅಂಗಡಿಗಳೂ ಉಂಟು. ಪರಿಮಳಕ್ಕೆ ಡಾರ್ಜಿಲಿಂಗನ್ನೂ ಬಣ್ಣಕ್ಕೆ ಅಸ್ಸಾಮನ್ನೂ ಬೆರಸಿ, ಗಿರಾಕಿಯ ರುಚಿಯನ್ನರಿತು ತೂಗಿಕೊಡುವ ಈ ವರ್ತಕರ ಡಬ್ಬಿಗಳೊಳಗಿನ ಎಲೆಯು ಯಾರ ಯಾರ ಅಧೀನವನ್ನು ದಾಟಿ ಇಲ್ಲಿಗೆ ಬಂದಿತೆಂದು ವಿಚಾರಿಸಹೊರಟವನು, ಕೆಲವು ಮೈಲಿ ಉತ್ತರದಲ್ಲಿ, ಡಾಲ್‌ಹೌಸಿ ಚೌಕದ ಆಸುಪಾಸಿನಲ್ಲಿರುವ ಮ್ಯಾಂಗೋ ಲೇನ್ ಎಂಬ ಬೀದಿಯ ನಾಲ್ಕನೆಯ ನಂಬರಿನ ಕಟ್ಟಡವನ್ನು ಮುಟ್ಟದೆ ಇರಲಾರನು. ವಿಲಿಯಂಸನ್ ಮೇಗರ್ ಸಂಸ್ಥೆಯ ಪ್ರಸಿದ್ಧ ವಿಳಾಸವದು.

ಅಸ್ಸಾಮಿನ ತೋಟಗಳ ಅನುಭವವಿದ್ದ ಜೇಮ್ಸ್ ಹೇ ವಿಲಿಯಂಸನ್ನನೂ, ಗ್ರೇಟ್ ಈಸ್ಟರ್ನ್ ಹೋಟೆಲಿನಲ್ಲಿ ನೌಕರನಾಗಿದ್ದ ರಿಚರ್ಡ್ ಬಾಯ್ಕಾಟ್ ಮೇಗರನೂ 1869ರಲ್ಲಿ ಪಾಲುದಾರರಾಗಿ ಇದನ್ನು ಸ್ಥಾಪಿಸಿದರು. ಕಲ್ಕತ್ತೆಯಲ್ಲಿ ಚಹದ ಬಹಿರಂಗ ಹರಾಜು ಆರಂಭವಾಗಿ ಆಗ ಎಂಟು ವರ್ಷಗಳಾಗಿದ್ದುವು. ತೋಟದ ಒಡೆತನ ಬಹುಮಟ್ಟಿಗೆ ದೂರದ ಲಂಡನ್ನಿನ ಶೇರುದಾರರದು. ಆದರೆ ಮ್ಯಾನೇಜರರನ್ನು ನೇಮಿಸುವುದು, ಯಂತ್ರ, ಅಕ್ಕಿ, ಪೆಟ್ಟಿಗೆಗಳನ್ನು ಒದಗಿಸುವುದು, ಬೆಳೆಯನ್ನು ಹರಾಜಿಗೆ ಸಾಗಿಸುವುದು, ಇವೆಲ್ಲವೂ ಕಲ್ಕತ್ತೆಯ ಮ್ಯಾನೇಜಿಂಗ್ ಏಜೆಂಟರ ಕೆಲಸ. ಪ್ರತಿಯೊಂದು ಹಂತದಲ್ಲಿಯೂ ಅವರಿಗೆ ಕಮಿಷನ್ನು ಸಲ್ಲುತ್ತಿದ್ದುದರಿಂದ, ಸ್ವಂತ ನೆಲವನ್ನು ಹೆಚ್ಚಾಗಿ ಕೊಳ್ಳದೆಯೇ ಸಾವಿರಾರು ಎಕರೆಗಳ ಮೇಲೆ ಪ್ರಭುತ್ವ ನಡೆಸುವುದು ಸಾಧ್ಯವಾಯಿತು. ಕೊಡಗು ಚಿಕ್ಕಮಗಳೂರುಗಳ ಕಾಫಿ ಸೀಮೆಯಲ್ಲಿ ತೋಟದ ದೊರೆಯನ್ನು ಕಣ್ಣಾರೆ ಕಂಡ ನಮ್ಮ ಹಿರಿಯರಿಗೆ, ದೊರೆಗೂ ದೊರೆಯಾದ ಇಂಥ ಕಚೇರಿಯ ಸ್ವರೂಪವನ್ನು ಊಹಿಸಿಕೊಳ್ಳುವುದು ಕಷ್ಟವಾಗಲಾರದು.

ಈ ಐಶ್ವರ್ಯದ ಬುಡದಲ್ಲಿದ್ದವರು ಛೋಟಾನಾಗಪುರ ಮತ್ತು ಅದರ ಸುತ್ತಣ ಸೀಮೆಗಳಿಂದ ಕರೆತರಲ್ಪಟ್ಟ ಮುಂಡಾ, ಒರಾಂವ್, ಸಂತಾಲ ಮೊದಲಾದ ಜನಾಂಗಗಳ ಕೂಲಿಕಾರರು. ಕರಾರನ್ನು ಮೀರಿ ತೋಟವನ್ನು ಬಿಟ್ಟುಹೋದವನನ್ನು ವಾರಂಟಿಲ್ಲದೆಯೇ ಹಿಡಿದುತರುವ ಅಧಿಕಾರವನ್ನು 1882ರ ಕಾಯಿದೆಯು ತೋಟದ ಮಾಲೀಕರಿಗೆ ಕೊಟ್ಟಿದ್ದಿತು. ಅರಣ್ಯವನ್ನು ಕಡಿದು, ಜ್ವರದಿಂದ ನರಳಿ, ಕೂಲಿ ಲೈನುಗಳಲ್ಲಿಯೇ ಹುಟ್ಟಿ ಅಲ್ಲಿಯೇ ಮಡಿದ ಈ ಜನರ ಬದುಕನ್ನು ಬದಿಗಿಟ್ಟು ಕಂಪನಿಯ ಬೆಳವಣಿಗೆಯನ್ನು ವರ್ಣಿಸುವುದು ನನಗೆ ಅನ್ಯಾಯವಾಗಿ ತೋರುತ್ತದೆ. 1921ರ ಮೇ ತಿಂಗಳಲ್ಲಿ ಸುರ್ಮಾ ಕಣಿವೆಯ ಚರಗೋಲಾ ಪ್ರದೇಶದ ಸಾವಿರಾರು ಕೂಲಿಕಾರರು ಹೆಂಡಿರು ಮಕ್ಕಳೊಡನೆ ತೋಟಗಳನ್ನು ತೊರೆದು ತಾಯ್ನಾಡಿನತ್ತ ಹೊರಟಾಗ, ಚಾಂದಪುರದ ರೈಲುನಿಲ್ದಾಣದಲ್ಲಿ ಗೂರ್ಖಾ ಸೈನಿಕರು ರಾತ್ರಿಯ ವೇಳೆ ಅವರ ಮೇಲೆ ಬಿದ್ದು ಹೊಡೆದರು. ಕಾಲರಾ ಬೇನೆಯು ಅನೇಕರನ್ನು ಬಲಿತೆಗೆದುಕೊಂಡಿತು.

ಬಂಗಾಳಿಗಳು ಈ ಉದ್ಯಮವನ್ನು ಕೈಕಟ್ಟಿ ನೋಡುತ್ತಿದ್ದರೆಂದೂ ಭಾವಿಸಲಾಗದು. 1879ರಲ್ಲಿಯೇ ಜಲಪಾಯಿಗುಡಿಯಲ್ಲಿ ದೇಶೀಯರ ಚಹ ಕಂಪನಿಯೊಂದು ಹುಟ್ಟಿತು. 1912ರಲ್ಲಿ ಸ್ವದೇಶಿಯ ಹುರುಪಿನಿಂದ ಪಿ. ಸಿ. ಚಟರ್ಜಿಯವರು ಲಕ್ಷ್ಮೀ ಟೀ ಕಂಪನಿಯನ್ನು ಆರಂಭಿಸಿದರು. ಆದರೆ 1947ರ ವಿಭಜನೆಯು ಸಿಲ್ಹೆಟ್ಟಿನ ಬಹುಪಾಲು ತೋಟಗಳನ್ನು ಗಡಿಯ ಆಚೆಗೆ ಸರಿಸಿತು. ಪೂರ್ವಬಂಗಾಳದಿಂದ ನಿರಾಶ್ರಿತರಾಗಿ ಬಂದ ಅಸಂಖ್ಯ ಸಂಸಾರಗಳು ಕಲ್ಕತ್ತೆಯ ದಕ್ಷಿಣದ ಬಡಾವಣೆಗಳಲ್ಲಿ ನೆಲಸಿದುವು. ಗರಿಯಾಹಾಟಿನ ಕಾಲುದಾರಿಯ ವ್ಯಾಪಾರವು ಬೆಳೆದುದರಲ್ಲಿ ಅವರ ಕಷ್ಟಸಹಿಷ್ಣುತೆಯ ಪಾಲು ದೊಡ್ಡದು.

ಸ್ವಾತಂತ್ರ್ಯಾನಂತರ ಮ್ಯಾಂಗೋ ಲೇನಿಗೆ ಹೊಸ ಯಜಮಾನನು ಬಂದ ಬಗೆ ಕುತೂಹಲಕರವಾದುದು. ತೋಟಗಳಿಗೆ ಪ್ಲೈವುಡ್ ಪೆಟ್ಟಿಗೆಗಳನ್ನೂ ಗೊಬ್ಬರವನ್ನೂ ಒದಗಿಸುತ್ತಿದ್ದ ಬ್ರಿಜ್ ಮೋಹನ್ ಖೇತಾನರು, ಸಂಸ್ಥೆಯ ಆಡಳಿತದಲ್ಲಿದ್ದ ಬಿಶ್ವನಾಥ್ ಟೀ ಕಂಪನಿಯ ಶೇರುಗಳನ್ನು ಹೊರಗಿನವರು ಒಟ್ಟುಗೂಡಿಸಿ ಅದನ್ನು ವಶಪಡಿಸಿಕೊಳ್ಳಲೆಳಸಿದಾಗ ಆಂಗ್ಲ ಪಾಲುದಾರರ ನೆರವಿಗೆ ನಿಂತರು. ಆ ವಿಶ್ವಾಸದ ಫಲವಾಗಿ ಆಡಳಿತಮಂಡಲಿಯನ್ನು ಸೇರಿ, ಕಾಲಕ್ರಮದಲ್ಲಿ ಒಡೆತನವನ್ನೇ ಪಡೆದರು. 1970ರಲ್ಲಿ ಸರಕಾರವು ಮ್ಯಾನೇಜಿಂಗ್ ಏಜೆನ್ಸಿಯ ಪದ್ಧತಿಯನ್ನು ರದ್ದುಮಾಡಿದ ಮೇಲೂ ಅವರ ವಿಸ್ತರಣವು ನಿಲ್ಲಲಿಲ್ಲ. 1987ರಲ್ಲಿ ಮೆಕ್ಲಿಯಾಡ್ ರಸೆಲ್ ಕಂಪನಿ ಅವರ ಕೈಸೇರಿತು. ಮುಂದೆ ವಿಯೆಟ್ನಾಂ, ಉಗಾಂಡ, ರುವಾಂಡಗಳಲ್ಲಿಯೂ ತೋಟಗಳನ್ನು ಕೊಂಡು, ವರ್ಷಕ್ಕೆ ಸುಮಾರು 10 ಕೋಟಿ ಕಿಲೋಗ್ರಾಂ ಚಹವನ್ನು ತಯಾರಿಸುವ, ಲೋಕದಲ್ಲಿಯೇ ಹಿರಿದೆನಿಸಿದ ಚಹದ ಸಂಸ್ಥೆಯಾಗಿ ಅದು ಬೆಳೆಯಿತು.

ಎಲೆಯು ಕೈಬಿಡಲಿಲ್ಲ, ಸಾಲವು ಮುಳುಗಿಸಿತು. ಖೇತಾನರ ಉದ್ಯಮ ಸಮೂಹದ ಇಂಜಿನಿಯರಿಂಗ್ ವ್ಯವಹಾರಕ್ಕೆ ಹರಿದುಹೋದ ಹಣವು ಹಿಂತಿರುಗಲಿಲ್ಲವಾಗಿ ತೋಟಗಳನ್ನೇ ಮಾರಬೇಕಾಯಿತು. 2019ರಲ್ಲಿ ಖೇತಾನರು ತೀರಿಕೊಂಡ ಕೆಲವೇ ತಿಂಗಳಲ್ಲಿ ಕಂಪನಿಯು ದಿವಾಳಿ ನ್ಯಾಯಮಂಡಲಿಯ ಮುಂದೆ ನಿಂತಿತು. 2018ರಲ್ಲಿ ಅದು ಮಾರಿದ ಅಸ್ಸಾಮಿನ ತೋಟಗಳಲ್ಲಿ ಕೆಲವನ್ನು ಕೊಂಡುದು, 1912ರಲ್ಲಿ ಹುಟ್ಟಿ ಇಂದಿಗೂ ಚಟರ್ಜಿ ಕುಟುಂಬದ ಕೈಯಲ್ಲಿರುವ ಲಕ್ಷ್ಮೀ ಟೀ ಕಂಪನಿ. ಆ 2018ರಲ್ಲಿಯೇ ಬ್ರಹ್ಮಪುತ್ರಾ ಕಣಿವೆಯಲ್ಲಿ ಎಲೆ ಬಿಡಿಸುವ ಹೆಣ್ಣುಮಗಳ ದಿನಗೂಲಿಯು 137 ರೂಪಾಯಿಗಳಿಂದ 167 ರೂಪಾಯಿಗಳಿಗೆ ಏರಿದ್ದಿತು.